ಮಡಗಾಂವ್: ಹೊರಬಾಗಿಲಿನ ಪಾಲಿಶ್ ಸಿಪ್ಪೆ ಏಳ್ತಿದೆ, ಈಗ ಏನು ಹಚ್ಚಬೇಕು?

ಪ್ರಶ್ನೆ (ಬಾಲ್ಕಾಂವ್_ಮನೆ):
ಮನೆ ಪಶ್ಚಿಮಕ್ಕೆ ಮುಖ. ತೇಗದ ಮುಂಬಾಗಿಲು, ಎರಡು ಕಿಟಕಿ, ಬಾಲ್ಕಾಂವ್‌ನ (ಮುಂಬಾಗಿಲ ಮುಂದಿನ ಜಗಲಿ) ರೇಲಿಂಗ್ ಸೇರಿ ಸುಮಾರು 120 ಚದರಡಿ. 2 ವರ್ಷದ ಹಿಂದೆ ಮೆಲಮೈನ್ ಪಾಲಿಶ್ ಆಗಿತ್ತು. ಬಾಗಿಲಿನ ಕೆಳಗಡೆ ಪದರ ಏಳ್ತಿದೆ, ಮೊಳೆಗಳ ಸುತ್ತ ಕಪ್ಪು ಕಲೆ. ಬಡಗಿ ಪಿಯು (ಪಾಲಿಯುರೆಥೇನ್ ಪಾಲಿಶ್) ಅಂತಾರೆ, ಅಂಗಡಿಯವರು ದೋಣಿಯ ಮರಕ್ಕೆ ಹಚ್ಚುವ ಮರೀನ್ ವಾರ್ನಿಶ್ ಅಂತಾರೆ. ಮರದ ನಾರು ಕಾಣಬೇಕು. ಯಾವುದು ಬಾಳಿಕೆ ಬರುತ್ತೆ?

ಉತ್ತರ 1 (ರಂದಾ):
ಮೆಲಮೈನ್ ಮನೆಯೊಳಗಿನ ಸಾಮಾನಿಗೆ. ಅದು ಗಡುಸು, ಮಳೆಗಾಲದಲ್ಲಿ ಮರ ಹಿಗ್ಗಿದರೆ ಜೊತೆಗೆ ಹಿಗ್ಗದೆ ಬಿರಿಯುತ್ತೆ, ಬಿರುಕಲ್ಲಿ ನೀರು ಇಳಿಯುತ್ತೆ. ಬಿಸಿಲಿನದು ಬೇರೆ ಕಥೆ. ಪೂರ್ತಿ ತಿಳಿಯಾದ ಪದರವನ್ನು ನೇರಳಾತೀತ ಕಿರಣ ದಾಟಿ, ಮರದ ನಾರುಗಳನ್ನು ಅಂಟಿಸಿಡುವ ಲಿಗ್ನಿನ್ ಕೆಡಿಸುತ್ತೆ. ಆಗ ವಾರ್ನಿಶ್ ಗಟ್ಟಿಯಾಗಿದ್ದರೂ ಅದು ಕಚ್ಚಿ ಹಿಡಿದ ಮರವೇ ಸಡಿಲ. ಅದಕ್ಕೇ ಸ್ವಲ್ಪ ಬಣ್ಣ ಬೆರೆತದ್ದನ್ನೇ ಆರಿಸಿ.

ಬಾಗಿಲು, ಕಿಟಕಿ ಸೂರಿನ ಕೆಳಗಿದ್ದರೆ ಎರಡು ಡಬ್ಬಿ ಬೆರೆಸುವ ಎಕ್ಸ್‌ಟೀರಿಯರ್ ಪಿಯು ಸರಿ. ಬರೀ ‘ಪಿಯು’ ಅಂತ ಕೇಳಬೇಡಿ, ಒಳಾಂಗಣದ ಡಬ್ಬಿ ಕೊಟ್ಟುಬಿಡ್ತಾರೆ. ಹಾರ್ಡನರ್ (ಪಿಯು ಗಟ್ಟಿಯಾಗಿಸುವ ಎರಡನೇ ಡಬ್ಬಿ) ಅಲಿಫ್ಯಾಟಿಕ್ ಜಾತಿಯದಿರಲಿ, ಅರೋಮ್ಯಾಟಿಕ್ ಜಾತಿಯದು ಬಿಸಿಲಿಗೆ ಹಳದಿಯಾಗುತ್ತೆ. ಮಳೆ ನೇರ ಬಡಿಯುವ ರೇಲಿಂಗ್‌ಗೆ ಮಾತ್ರ ಪಿಯುವೂ ಬೇಡ, ಮರೀನ್ ವಾರ್ನಿಶ್ಶೂ ಬೇಡ. ಮರದೊಳಗೆ ಇಂಗುವ, ಬಣ್ಣವಿರುವ ಎಣ್ಣೆ ಹಚ್ಚಿ. ಪದರವೇ ಕಟ್ಟದ್ದು ಸಿಪ್ಪೆ ಏಳೋದೆಲ್ಲಿಂದ?

ಉತ್ತರ 2 (ಉಳಿ_ಸುತ್ತಿಗೆ):
ಹಳೇ ಮೆಲಮೈನ್ ಪೂರ್ತಿ ಹೋಗಬೇಕು, ಅದರ ಮೇಲೆ ಏನು ಹಚ್ಚಿದರೂ ಅದರ ಜೊತೆಗೇ ಏಳುತ್ತೆ. ಪೇಂಟ್ ರಿಮೂವರ್ ಹಾಕಿ ಕೆರೆದು, 80, 120, 180 ನಂಬರಿನ ಮರಳುಕಾಗದದಲ್ಲಿ ನಾರಿನ ಗುಂಟ ಉಜ್ಜಿ. ಚೂಪಾದ ಅಂಚುಗಳನ್ನು 2 ಮಿ.ಮೀ. ಗುಂಡಗೆ ಮಾಡಿ, ಚೂಪು ಮೂಲೆಯಲ್ಲಿ ಪದರ ತೆಳುವಾಗಿ ಮೊದಲು ಅಲ್ಲೇ ಒಡೆಯುತ್ತೆ.

ಕಪ್ಪು ಕಲೆ ಕಬ್ಬಿಣದ ಮೊಳೆಯದು. 1 ಲೀಟರ್ ಬೆಚ್ಚನೆಯ ನೀರಿಗೆ 60 ಗ್ರಾಂ ಆಕ್ಸಾಲಿಕ್ ಆಮ್ಲ, ಹಚ್ಚಿ 20 ನಿಮಿಷ ಬಿಟ್ಟು ಎರಡು ಸಲ ತೊಳೆಯಿರಿ. ವಿಷ ಅದು, ಕೈಗವಸು ಹಾಕಿ. ಮೊಳೆ ತೆಗೆದು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕದಿದ್ದರೆ ಕಲೆ ಮರಳಿ ಬರುತ್ತೆ. ಮರ ಚೆನ್ನಾಗಿ ಒಣಗಲಿ, ಮೀಟರ್ ಇದ್ದರೆ ತೇವ 15%ಗಿಂತ ಕೆಳಗೆ. ತೇಗದ ಸ್ವಂತ ಎಣ್ಣೆ ಪದರ ಹಿಡಿಯಲು ಬಿಡಲ್ಲ, ಅಸಿಟೋನ್ ಬಟ್ಟೆಯಿಂದ ಒರೆಸಿ ಅದು ಆರಿದ ಕೂಡಲೇ ಮೊದಲ ಕೋಟ್ ಹೊಡೆಯಿರಿ.

ಬಾಗಿಲನ್ನು ಕೀಲಿನಿಂದ ಇಳಿಸಲೇಬೇಕು. ನಿಮ್ಮಲ್ಲಿ ಕೆಳಗಡೆಯೇ ಮೊದಲು ಎದ್ದಿರೋದು, ಅಡಿ ಅಂಚಿಗೆ ಯಾರೂ ಹಚ್ಚದ ಕಾರಣ ಇರಬಹುದು. ಕೊಯ್ದ ತುದಿಯ ನಾರು ಸ್ಟ್ರಾ ಇದ್ದ ಹಾಗೆ ನೀರು ಹೀರುತ್ತೆ. ಅಲ್ಲಿಗೆ ತೆಳುವಾಗಿ 3 ಕೋಟ್.

ಬಾಲ್ಕಾಂವ್_ಮನೆ:
ಎಷ್ಟು ತರಿಸಲಿ? ಈಗ ಜೂನ್, ಶುರು ಮಾಡಬಹುದಾ?

ಉತ್ತರ 3 (ರಂದಾ):
ಬೇಡ. ಮಳೆ ನಿಂತು ಮರ ಒಣಗಲಿ, ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು. ಗಾಳಿಯ ತೇವ ಹೆಚ್ಚಿದ್ದರೆ ಹಾರ್ಡನರ್ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ಮೇಲೆ ಗುಳ್ಳೆ. ಇಬ್ಬನಿ ಆರಿದ ಮೇಲೆ, ಬಾಗಿಲಿಗೆ ಬಿಸಿಲು ಬೀಳುವ ಮೊದಲು ಕೆಲಸ ಮುಗಿಸಿ. 120 ಚದರಡಿ ಅಂದರೆ 11 ಚದರ ಮೀಟರ್. ಲೀಟರಿಗೆ 10 ಚ.ಮೀ. ಹಿಡಿದರೆ ಪೂರ್ತಿ 3 ಕೋಟ್‌ಗೆ ಮೂರೂವರೆ ಲೀಟರ್. ರೇಲಿಂಗ್‌ನ ಪಾಲು ಕಳೆದು ಪಿಯು ತನ್ನಿ. ಬೆರೆಸಿದ್ದು ಡಬ್ಬಿಯಲ್ಲೇ ಗಟ್ಟಿಯಾಗುತ್ತೆ, ಒಂದು ಕೋಟ್‌ಗೆ ಬೇಕಾದಷ್ಟೇ ಬೆರೆಸಿ.

ಉತ್ತರ 4 (ಉಳಿ_ಸುತ್ತಿಗೆ):
ರೇಲಿಂಗ್‌ಗೆ ಬರೀ ಅಗಸೆ ಎಣ್ಣೆ ಸಾಕು ಅನ್ನೋರು ಸಿಗ್ತಾರೆ. ಕೇಳಬೇಡಿ, ಇಲ್ಲಿನ ತೇವದಲ್ಲಿ ಬೂಷ್ಟಿಗೆ ಅದೇ ಊಟ. ಎಣ್ಣೆ ಹಚ್ಚಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಕಾದು ಹೊತ್ತಿಕೊಳ್ಳಬಹುದು, ಹೊರಗೆ ಬಿಡಿಸಿ ಒಣಹಾಕಿ. ಆಮೇಲೆ ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ರೇಲಿಂಗ್‌ಗೆ ನೀರು ಚಿಮುಕಿಸಿ ನೋಡಿ: ಹನಿ ನಿಲ್ಲದೆ ಮರ ಕಪ್ಪಾದರೆ, ತೊಳೆದು ಒಣಗಿಸಿ ಇನ್ನೊಂದು ಕೈ.