ಅಂಡಮಾನಿನ ದೂರದ ದ್ವೀಪಗಳಿಗೆ ಹೊರಟವರಿಗೆ: ವೈದ್ಯರೊಂದಿಗೆ ಪ್ರಶ್ನೋತ್ತರ

ವೈದ್ಯ: ಮುಳುಗುಗಾರರ ಕಾಯಿಲೆಗಳು ನನ್ನ ಕ್ಷೇತ್ರ. ಸೆಲ್ಯುಲರ್ ಜೈಲು, ರಾಧಾನಗರ ಬೀಚ್ ದಾಟಿ ಡಿಗ್ಲಿಪುರ, ಲಿಟಲ್ ಅಂಡಮಾನ್ ಕಡೆಗೆ ಹೊರಟವರು ಕೇಳಿ. ಹೋಟೆಲ್ ದರ ಕೇಳಬೇಡಿ.

ತುಮಕೂರು: ಮರಳುನೊಣಕ್ಕೆ ಏನು ಮಾಡಬೇಕು?

ವೈದ್ಯ: ಕೀಟಗಳನ್ನು ದೂರವಿಡುವ ಡೀಟ್ (DEET) ಇರುವ ಮುಲಾಮು ಹಚ್ಚಿಕೊಳ್ಳಿ. ಸಂಜೆ ಮರಳ ಮೇಲೆ ಮಲಗಬೇಡಿ. ಕಚ್ಚಿದರೆ ಕೆರೆಯಬೇಡಿ, ಹುಣ್ಣಾಗುತ್ತದೆ.

ಕಾರವಾರ: ಲಿಟಲ್ ಅಂಡಮಾನಿನ ಹಳ್ಳಗಳಲ್ಲಿ ಈಜಬಹುದೇ?

ವೈದ್ಯ: ಮ್ಯಾಂಗ್ರೋವ್ ಇರುವಲ್ಲಿ, ಹಳ್ಳ ಕಡಲು ಸೇರುವಲ್ಲಿ ಬೇಡ. ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಅಮೆರಿಕದ ಪ್ರವಾಸಿಯೊಬ್ಬಳನ್ನು ಮೊಸಳೆ ಕೊಂದಿತು.

ಬೆಳಗಾವಿ: 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ವೈದ್ಯರಿಗೂ ಗೊತ್ತಿಲ್ಲವೇ?

ವೈದ್ಯ: ಮೊಸಳೆಗೆ ಗೊತ್ತಿಲ್ಲ.

ದಾವಣಗೆರೆ: ಡಿಗ್ಲಿಪುರದಲ್ಲಿ ಸಸ್ಯಾಹಾರ ಸಿಗುತ್ತದೆಯೇ?

ಮಂಗಳೂರು: ಬಾರಾಟಾಂಗ್ ದ್ವೀಪದ ದಾರಿಯಲ್ಲಿ ಕಾಡಿನ ಮೂಲನಿವಾಸಿಗಳಾದ ಜಾರವಾ ಜನ ಕಾಣಿಸುತ್ತಾರೆ. ಬಿಸ್ಕತ್ತು ಒಯ್ಯಿರಿ, ಚೆನ್ನಾದ ಫೋಟೊ ಸಿಗುತ್ತದೆ.

ಹುಬ್ಬಳ್ಳಿ: ಅದೇನು ಮೃಗಾಲಯವೇ? ಫೋಟೊ ತೆಗೆಯುವುದೂ ತಿನಿಸು ಕೊಡುವುದೂ ಅಪರಾಧ.

ಮಂಗಳೂರು: ನಾನು ಹೋಗಿ ಬಂದವನು. ನೀವು ಮನೆಯಲ್ಲಿ ಕುಳಿತು ಪಾಠ ಹೇಳುವವರು.

ಹಾಸನ: ಡಾಕ್ಟರೇ, ತುರ್ತು. ತಮ್ಮ ಎರಡು ದಿನದಲ್ಲಿ ಐದು ಬಾರಿ ಸ್ಕೂಬಾ ಮಾಡಿದ್ದಾನೆ. ಕೊನೆಯದು ನಿನ್ನೆ ಮಧ್ಯಾಹ್ನ. ರಾತ್ರಿಯಿಂದ ಭುಜ ನೋವು, ಬೆರಳು ಜುಮುಗುಡುತ್ತಿವೆ. ಈಗ ಶ್ರೀ ವಿಜಯಪುರಂನಲ್ಲಿ (ಹಳೆಯ ಪೋರ್ಟ್ ಬ್ಲೇರ್) ಇದ್ದಾನೆ, ಸಂಜೆ ಬೆಂಗಳೂರಿಗೆ ವಿಮಾನ. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ ಎಂಬ ಸಂದೇಶ ಬಂದಿದೆ, ತಿಕ್ಕಬಹುದೇ?

ವೈದ್ಯ: ವಿಮಾನ ಹತ್ತಿಸಬೇಡಿ. ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲೂ ಮೈಕೊಬ್ಬಿನಲ್ಲೂ ಕರಗಿರುತ್ತದೆ. ಮೇಲೆ ಬಂದಾಗ ಒತ್ತಡ ಇಳಿದು, ಗೋಲಿ ಸೋಡಾ ತೆರೆದಂತೆ ಗುಳ್ಳೆಗಳೇಳುತ್ತವೆ. ಕೀಲಿನಲ್ಲಿ ನೋವು, ನರದಲ್ಲಿ ಜುಮುಗು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 2,400 ಮೀಟರ್ ಎತ್ತರದಷ್ಟಿರಬಹುದು, ಅಂದರೆ ಮುಳ್ಳಯ್ಯನಗಿರಿಗಿಂತಲೂ ಮೇಲೆ. ಗುಳ್ಳೆಗಳು ಇನ್ನೂ ಹಿಗ್ಗುತ್ತವೆ. ಅಂಗಾತ ಮಲಗಿಸಿ, ಮುಳುಗು ಕೇಂದ್ರದಿಂದ ಶುದ್ಧ ಆಮ್ಲಜನಕ ತರಿಸಿ, ಆಸ್ಪತ್ರೆಗೆ ಒಯ್ದು ಮೊದಲ ಮಾತಾಗಿಯೇ ‘ಸ್ಕೂಬಾ ಮಾಡಿದ್ದಾನೆ’ ಎಂದು ಹೇಳಿ. ಗಾಳಿಯ ಒತ್ತಡ ಏರಿಸಿ ಗುಳ್ಳೆ ಕುಗ್ಗಿಸುವ ಕೊಠಡಿಯ ಚಿಕಿತ್ಸೆ ಬೇಕಾಗಬಹುದು. ಹರಳೆಣ್ಣೆ ಬೇಡ. ನೋವು ಮರೆಯಾಗಿ ಸಮಯ ಹಾಳಾಗುತ್ತದೆ.

ಬೆಳಗಾವಿ: ಹಲವು ಬಾರಿ ಮುಳುಗಿದರೆ ವಿಮಾನ ಹತ್ತಲು 18 ಗಂಟೆ ಕಾಯಬೇಕು, ಅಷ್ಟೇ. ಇವರಿಗೆ 24 ಗಂಟೆಯೇ ದಾಟಿದೆ. ಸುಮ್ಮನೆ ಹೆದರಿಸಬೇಡಿ.

ವೈದ್ಯ: ಆ 18 ಗಂಟೆ ಆರೋಗ್ಯವಾಗಿರುವವನಿಗೆ. ಲಕ್ಷಣ ಕಾಣಿಸಿದವನಿಗೆ ಆ ಲೆಕ್ಕವಿಲ್ಲ. ಅರ್ಧ ಓದಿದವರು ದಯವಿಟ್ಟು ಸುಮ್ಮನಿರಿ.

ತುಮಕೂರು: ಮರಳುನೊಣಕ್ಕೆ ಬೆಳ್ಳುಳ್ಳಿ ತಿಂದರೆ ಸಾಕಂತೆ, ನಿಜವೇ?

ವೈದ್ಯ: ಇಲ್ಲ. ಮೇಲೆ ಬರೆದಿದ್ದೇನೆ.

ಉಡುಪಿ: ಅಂಬಲಿಮೀನು (ಜೆಲ್ಲಿಫಿಶ್) ಕುಟುಕಿದರೆ ಮೂತ್ರ ಸುರಿಯಬೇಕು ಎಂದು ನಮ್ಮ ಕುಟುಂಬದ ಗುಂಪಿನಲ್ಲಿ...

ವೈದ್ಯ: ಸುರಿಯಬೇಡಿ. ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ.

ಮಂಗಳೂರು: ಹುಬ್ಬಳ್ಳಿಯವರೇ, ಕಾನೂನಿನ ಸಂಖ್ಯೆ ಹೇಳಿ ನೋಡೋಣ.

ಹುಬ್ಬಳ್ಳಿ: 1956ರ ಮೂಲನಿವಾಸಿಗಳ ರಕ್ಷಣಾ ನಿಯಮ. ಇನ್ನೇನು ಬೇಕು?

ವೈದ್ಯ: ನಿಮ್ಮ ಜಗಳ ಬೇರೆಡೆ. ಹಾಸನ, ಟಿಕೆಟ್ ರದ್ದಾಯಿತೇ?

ಬೆಳಗಾವಿ: ರದ್ದು ಮಾಡಿದ ಹಣ ಡಾಕ್ಟರರು ಕೊಡುತ್ತಾರೆಯೇ?

ವೈದ್ಯ: ಹಾಸನ, ಉತ್ತರಿಸಿ.

ಹಾಸನ: ರದ್ದು ಮಾಡಿದೆವು. ಆಸ್ಪತ್ರೆಯಲ್ಲಿದ್ದೇವೆ, ಆಮ್ಲಜನಕ ಕೊಡುತ್ತಿದ್ದಾರೆ. ಎಷ್ಟು ಆಳಕ್ಕೆ ಹೋಗಿದ್ದ ಎಂದು ಕೇಳುತ್ತಿದ್ದಾರೆ.

ವೈದ್ಯ: ಕೈಯಲ್ಲಿ ಕಟ್ಟಿದ್ದ, ಆಳ ದಾಖಲಿಸುವ ಡೈವ್ ಕಂಪ್ಯೂಟರನ್ನೇ ಅವರಿಗೆ ಕೊಡಿ.