ಸುಪ್ರೀಂ ಕೋರ್ಟಲ್ಲಿ ಒಂದು ಕೇಸಿಗೆ ಇಬ್ಬರು ಜಡ್ಜ್, ಇನ್ನೊಂದಕ್ಕೆ ಹದಿಮೂರು. ಯಾಕೆ?

ಕಡಲತಡಿ:
ಸೋಮವಾರದ ಕಾಸ್ ಲಿಸ್ಟ್ (ಆ ದಿನ ಕೋರ್ಟ್ ಮುಂದೆ ಬರುವ ಕೇಸುಗಳ ಪಟ್ಟಿ) ಸುಮ್ನೆ ತೆರೆದು ನೋಡಿದೆ. ಇಬ್ಬರು ಜಡ್ಜ್‌ಗಳ ಒಂದು ಪೀಠದ ಮುಂದೆ ಐವತ್ತಕ್ಕೂ ಜಾಸ್ತಿ ಕೇಸು, ಅಷ್ಟೂ ಒಂದೇ ದಿನಕ್ಕೆ! ಇದೇ ಕೋರ್ಟು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಕೇಸನ್ನು 13 ಜನ ಕೂತು 68 ದಿನ ಕೇಳಿತ್ತು. ಎಷ್ಟು ಜನ ಕೂರಬೇಕು ಅಂತ ತೀರ್ಮಾನ ಮಾಡುವವರು ಯಾರು? ಇನ್ನೊಂದು, ಒಂದೇ ಸಾಲಲ್ಲಿ ಅರ್ಜಿ ವಜಾ ಮಾಡಿದರೆ ಹೈಕೋರ್ಟ್ ಹೇಳಿದ್ದೇ ಸರಿ ಅಂತ ಅರ್ಥವಾ?

ಹಳೇಫೈಲು:
1950ರಲ್ಲಿ ಶುರುವಾದಾಗ ಮುಖ್ಯ ನ್ಯಾಯಮೂರ್ತಿಯೂ ಸೇರಿ 8 ಜನಕ್ಕೆ ಮಾತ್ರ ಅವಕಾಶ ಇತ್ತು. ಆಗ ಇದ್ದವರೆಲ್ಲ ಒಟ್ಟಿಗೇ ಕೂತು ಕೇಳುತ್ತಿದ್ದರು. ಕೇಸು ಹೆಚ್ಚಾದ ಹಾಗೆ ಸಂಸತ್ತು ಸಂಖ್ಯೆ ಏರಿಸುತ್ತಾ ಹೋಯಿತು. 1956ರಲ್ಲಿ 11, 1986ರಲ್ಲಿ 26, 2019ರಲ್ಲಿ 34. ಹೀಗೆ ಇಬ್ಬರು ಮೂವರ ಪೀಠಗಳೇ ಮಾಮೂಲಾದವು. ಸಂವಿಧಾನದ ಅರ್ಥದ ಬಗ್ಗೆ ದೊಡ್ಡ ಪ್ರಶ್ನೆ ಬಂದರೆ ಮಾತ್ರ ಕನಿಷ್ಠ 5 ಜನ ಕೂರಲೇಬೇಕು, ಅದು 145(3)ನೇ ವಿಧಿ.

13 ಯಾಕೆ ಅಂದರೆ, ಸಂವಿಧಾನ ತಿದ್ದಿಯೂ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವ ಹಾಗಿಲ್ಲ ಅಂತ 1967ರಲ್ಲಿ ಗೋಲಕನಾಥ್ ಕೇಸಲ್ಲಿ 11 ಜನರ ಪೀಠ ಹೇಳಿಬಿಟ್ಟಿತ್ತು. ಅದನ್ನು ಮತ್ತೆ ನೋಡಬೇಕಾದರೆ ಅದಕ್ಕಿಂತ ದೊಡ್ಡ ಪೀಠವೇ ಬೇಕಲ್ವಾ? ಅಷ್ಟೆಲ್ಲ ಜನ ಕೂತರೂ 1973ರಲ್ಲಿ ಕೇಶವಾನಂದ ತೀರ್ಪು ಬಂದಿದ್ದು 7-6ರಲ್ಲಿ: ಸಂಸತ್ತು ಸಂವಿಧಾನ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ ಅಂತ.

ಮೂಲೆಮೇಜು:
ವಜಾ ಬಗ್ಗೆ ನಾನು ಹೇಳುತ್ತೇನೆ. 136ನೇ ವಿಧಿಯಲ್ಲಿ ಹಾಕುವ ಎಸ್‌ಎಲ್‌ಪಿ (ವಿಶೇಷ ಅನುಮತಿ ಅರ್ಜಿ) ಅಂದರೆ ಮೇಲ್ಮನವಿ ಅಲ್ಲ, ಮೇಲ್ಮನವಿ ಹಾಕೋಕೆ ಅನುಮತಿ ಕೇಳೋದು. ಸೋಮವಾರ, ಶುಕ್ರವಾರದ ಲಿಸ್ಟಲ್ಲಿ ಕಾಣೋದು ಬಹುಪಾಲು ಇವೇ. ಅದಕ್ಕೇ ಅಷ್ಟುದ್ದ. ಕಾರಣ ಕೊಡದೆ ‘ವಜಾ’ ಅಂದರೆ ಅನುಮತಿ ಸಿಗಲಿಲ್ಲ, ಅಷ್ಟೇ. ಹೈಕೋರ್ಟ್ ತೀರ್ಪಿಗೆ ಸುಪ್ರೀಂ ಕೋರ್ಟ್ ಮುದ್ರೆ ಬಿತ್ತು ಅಂತಲ್ಲ. ಇದನ್ನು 2000ದಲ್ಲಿ ಕುಂಞಹಮ್ಮದ್ ಕೇಸಲ್ಲಿ ಕೋರ್ಟೇ ಬಿಡಿಸಿ ಹೇಳಿದೆ. ಟಿವಿಯವರು ಮಾತ್ರ ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ’ ಅಂತ ಕೂಗುತ್ತಲೇ ಇರುತ್ತಾರೆ.

ಕಟ್ಟೆಮಾತು:
ಹಳೇಫೈಲು ಅವರೇ, ಯಾರು ತೀರ್ಮಾನ ಮಾಡುತ್ತಾರೆ ಅನ್ನೋ ಪ್ರಶ್ನೆಯನ್ನೇ ಬಿಟ್ಟಿರಲ್ಲ! ಯಾವ ಕೇಸು ಯಾವ ಪೀಠಕ್ಕೆ ಹೋಗಬೇಕು ಅನ್ನೋದು ಮುಖ್ಯ ನ್ಯಾಯಮೂರ್ತಿ ಕೈಲಿದೆ. ಇದು ಸಣ್ಣ ಅಧಿಕಾರ ಅಲ್ಲ. ಕೇಶವಾನಂದ ತೀರ್ಪಿನ ಬೆನ್ನಿಗೇ ಸರ್ಕಾರ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ನಮ್ಮ ಕೆ. ಎಸ್. ಹೆಗ್ಡೆಯವರೂ ಒಬ್ಬರು, ಮೂವರೂ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿ ಇದ್ದಾಗ, 1975ರ ನವೆಂಬರಲ್ಲಿ, ಅದೇ ತೀರ್ಪನ್ನು ಮತ್ತೆ ನೋಡೋಕೆ ರೇ ಇನ್ನೊಂದು 13 ಜನರ ಪೀಠ ಕೂರಿಸಿದರು. ಎರಡು ದಿನ ವಾದ ನಡೆಯಿತು, ಮೂರನೇ ದಿನ ಅವರೇ ಪೀಠ ವಿಸರ್ಜಿಸಿದರು. 2018ರ ಜನವರಿಯಲ್ಲಿ ನಾಲ್ವರು ಹಿರಿಯ ಜಡ್ಜ್‌ಗಳು ಪತ್ರಿಕಾಗೋಷ್ಠಿ ಕರೆದಿದ್ದೂ ಕೇಸು ಹಂಚುವ ಈ ವಿಚಾರಕ್ಕೇ.

ಕಡಲತಡಿ:
ಸರಿ, ಎಸ್‌ಎಲ್‌ಪಿ ಹಾಗೆ ವಜಾ ಆದ ಮೇಲೆ ಹೈಕೋರ್ಟಿಗೇ ವಾಪಸ್ ಹೋಗಬಹುದಾ?

ಮೂಲೆಮೇಜು:
ಕಾರಣ ಹೇಳದೆ ವಜಾ ಮಾಡಿದ್ದರೆ ಹೈಕೋರ್ಟಲ್ಲಿ ರಿವ್ಯೂ ಅರ್ಜಿ, ಅಂದರೆ ನಿಮ್ಮ ತೀರ್ಪನ್ನೇ ಮತ್ತೆ ಪರಿಶೀಲಿಸಿ ಅಂತ ಕೇಳುವ ಅರ್ಜಿ, ಹಾಕಬಹುದು. ಆದರೆ ಅದು ಕೇಸನ್ನು ಮೊದಲಿಂದ ಕೇಳಿಸೋದಲ್ಲ. ತೀರ್ಪಲ್ಲಿ ಎದ್ದು ಕಾಣುವ ತಪ್ಪಿನಂಥ ಕಾರಣ ತೋರಿಸಬೇಕು.