ಲ್ಯಾಂಕಾಸ್ಟರ್ ಸಿಬ್ಬಂದಿಯ ಬಂಧುಗಳನ್ನು ಹುಡುಕಿದವರು ಯಾರಾದರೂ ಇದ್ದೀರಾ?

ಹೊಲದಂಚು (ಪ್ರಶ್ನೆ): ಲಿಂಕನ್‌ಶೈರ್‌ನಲ್ಲಿದ್ದೇನೆ. ಇಲ್ಲಿನ ಹೊಲದಲ್ಲಿ 1943ರಲ್ಲಿ ಲ್ಯಾಂಕಾಸ್ಟರ್ ಬಾಂಬರ್ ಬಿದ್ದು ಏಳೂ ಜನ ಸತ್ತರು. ಎಲ್ಲರಿಗೂ ಸಮಾಧಿ ಇದೆ. ಚರ್ಚಿನವರು ಫಲಕ ಹಾಕಿಸುತ್ತಿದ್ದಾರೆ, ಬಂಧುಗಳನ್ನು ಕರೆಯಬೇಕಂತೆ. ಐವರು ಆರ್‌ಎಎಫ್ (ಬ್ರಿಟಿಷ್ ವಾಯುಪಡೆ), ಒಬ್ಬ ಕೆನಡಾದವ, ಒಬ್ಬ ಆಸ್ಟ್ರೇಲಿಯಾದವ. ಆರ್‌ಎಎಫ್ ಗನ್ನರ್ (ವಿಮಾನದ ಬಂದೂಕುಗಾರ) ಒಬ್ಬನ ಬಗ್ಗೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ವಿವರದ ಕೊನೆಗೆ 'ಬೆಂಗಳೂರು, ಇಂಡಿಯಾ' ಎಂದಿದೆ. ಎಲ್ಲಿಂದ ಶುರು ಮಾಡಲಿ?

ಕಡತಹುಳು: ಕೆನಡಾ, ಆಸ್ಟ್ರೇಲಿಯಾದವರನ್ನು ಮೊದಲು ಹಿಡಿಯಿರಿ. ಕೆನಡಾದ ಯುದ್ಧಮೃತರ ಸೇವಾ ಕಡತಗಳು (1939–47) ಆನ್ಸೆಸ್ಟ್ರಿ ಎಂಬ ವಂಶಾವಳಿ ಜಾಲತಾಣದಲ್ಲಿ ಸ್ಕ್ಯಾನ್ ಆಗಿವೆ. ತರಬೇತಿ ಅಂಕ, ಹಲ್ಲಿನ ಚೀಟಿ ಎಲ್ಲ ದಾಟಿ ಆಸ್ತಿ ವಿಲೇವಾರಿಯ ಫಾರಂಗೆ ಹೋಗಿ. ಅಪ್ಪ, ಅಮ್ಮ, ಒಡಹುಟ್ಟಿದವರು, ಅವರ ವಯಸ್ಸು, ವಿಳಾಸ, ಮದುವೆಯಾದ ಅಕ್ಕನ ಹೊಸ ಮನೆತನದ ಹೆಸರು ಅಲ್ಲಿರುತ್ತವೆ. ಆಸ್ಟ್ರೇಲಿಯಾಕ್ಕೆ ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಎ705 ಸರಣಿ (ವಾಯುಪಡೆಯ ಸಾವುನೋವಿನ ಕಡತಗಳು). ಎ9300 ಅಧಿಕಾರಿಗಳದ್ದು, ಎ9301 ಉಳಿದವರದ್ದು, ಅವೆರಡೂ ಬರೀ ಸೇವಾ ವಿವರ. ಎ705ರಲ್ಲಿ ತಾಯಂದಿರ ಪತ್ರ ಇರುತ್ತವೆ, ಎಷ್ಟೋ ಸಲ ಇಡೀ ಸಿಬ್ಬಂದಿಯ ಮನೆ ವಿಳಾಸಗಳೂ. ಇದನ್ನು ಬಿಟ್ಟು ಇಂಗ್ಲೆಂಡಿನಲ್ಲೇ ತಡಕಾಡಿ ದುಡ್ಡು ಕಳೆಯುವವರನ್ನು ಕಂಡರೆ ಮೈ ಉರಿಯುತ್ತದೆ.

ಹನ್ನೆರಡೂವರೆ ಪೌಂಡು: ಯಾರಿಗೆ ಹೇಳಿದ್ದು ಅಂತ ಗೊತ್ತಾಯಿತು ಸ್ವಾಮಿ. ವಿಳಾಸ 1943ರದ್ದು, ಆ ಮನೆಯಲ್ಲಿ ಈಗ ಇನ್ಯಾರೋ. ಮುಂದೇನು? ಇಂಗ್ಲೆಂಡಿನ ಜನನ ಪ್ರಮಾಣಪತ್ರಕ್ಕೆ 2024ರ ಏಪ್ರಿಲ್‌ನಿಂದ 12.50 ಪೌಂಡ್. ಅಂದಾಜಿನ ಮೇಲೆ ನಾಲ್ಕು ತರಿಸಿದರೆ ಐವತ್ತು ಹೋಯಿತು, ನಾಲ್ಕೂ ಇನ್ಯಾರದ್ದೋ ಆಗಿರುತ್ತವೆ. ಜನನ, ವಿವಾಹ ನೋಂದಣಿಯ ಸೂಚಿ ಪೂರ್ತಿ ಜಾಲಾಡುವ ತನಕ ಒಂದನ್ನೂ ತರಿಸಬೇಡಿ.

ಹುಡುಗರು ಇಪ್ಪತ್ತು, ಇಪ್ಪತ್ತೆರಡರವರು, ಬಹುಪಾಲು ಮದುವೆಯಿಲ್ಲ. ಹುಡುಕಬೇಕಾದ್ದು ಅಕ್ಕತಂಗಿಯರ ಮಕ್ಕಳನ್ನು. 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಜನನ ಸೂಚಿಯಲ್ಲಿ ತಾಯಿಯ ತವರಿನ ಹೆಸರಿದೆ. ಅದೇ ಮನೆತನ, ಅದೇ ತವರು, ಅದೇ ನೋಂದಣಿ ಜಿಲ್ಲೆ, ಮೂರೂ ಕೂಡಿದರೆ ಒಡಹುಟ್ಟಿದವರು. 1912ರಿಂದ ವಿವಾಹ ಸೂಚಿಯಲ್ಲಿ ಸಂಗಾತಿಯ ಮನೆತನ ಸಿಗುತ್ತದೆ. ಆಮೇಲೆ ಗಂಡನ ಮನೆತನದ ಜೊತೆ ವಾಯುಯೋಧನ ಮನೆತನವನ್ನೇ 'ತವರು' ಅಂತ ಹಾಕಿ ಜನನ ಹುಡುಕಿ, ಸೋದರಳಿಯ ಸಿಕ್ಕ. ಈ ಸೂಚಿಗಳಿರುವ ಫ್ರೀಬಿಎಂಡಿ ಜಾಲತಾಣದಲ್ಲಿ ಕಾಸಿಲ್ಲದೆ ಆಗುತ್ತದೆ. ಮನೆತನ ಸ್ಮಿತ್‌ನಂಥ ಎಲ್ಲೆಲ್ಲೂ ಇರುವ ಹೆಸರಾದರೆ ಲೆಕ್ಕ ಕುಸಿಯುತ್ತದೆ. ಆಗ ಪ್ರೊಬೇಟ್ ಕ್ಯಾಲೆಂಡರ್ (ಸತ್ತವರ ಆಸ್ತಿ ವಿಲೇವಾರಿ ಅಧಿಕಾರದ ಪಟ್ಟಿ) ನೋಡಿ: 'ಯುದ್ಧಸೇವೆಯಲ್ಲಿ ಮೃತ' ಎಂದು ಬರೆದು, ಅಪ್ಪನಿಗೋ ಹೆಂಡತಿಗೋ ಅಧಿಕಾರ ಕೊಟ್ಟಿರುತ್ತಾರೆ. ಅದರ ಜೊತೆ, ಯುದ್ಧ ಶುರುವಾದಾಗ ನಾಗರಿಕರ ಹೆಸರು ಬರೆದುಕೊಂಡ 1939ರ ರಿಜಿಸ್ಟರ್. ಅದನ್ನು ಆರೋಗ್ಯ ಸೇವೆಯವರು 1991ರವರೆಗೂ ಬಳಸಿದ್ದರಿಂದ ಹೆಂಗಸರ ಹೊಸ ಮನೆತನ ಹಳೆಯದರ ಮೇಲೇ ಗೀಚಿದೆ. ಆಗಲೇ ಸಮವಸ್ತ್ರ ತೊಟ್ಟವನು ಅದರಲ್ಲಿ ಸಿಗಲ್ಲ.

ಮಸಿಕುಡಿಕೆ: 1931ರ ಜನಗಣತಿ ನೋಡಬಹುದಲ್ಲ?

ಹನ್ನೆರಡೂವರೆ ಪೌಂಡು: ಜರ್ಮನ್ ಬಾಂಬಿಗೆ ಸುಟ್ಟುಹೋಯಿತು.

ಕಡತಹುಳು: ತಪ್ಪು. 1942ರ ಡಿಸೆಂಬರ್‌ನಲ್ಲಿ ಹೇಯ್ಸ್‌ನ ಗೋದಾಮಿಗೆ ಬೆಂಕಿ ಬಿತ್ತು, ಶತ್ರುದಾಳಿ ಅಲ್ಲ. 1941ರಲ್ಲಿ ಗಣತಿಯೇ ನಡೆಯಲಿಲ್ಲ. ಇಷ್ಟು ಗೊತ್ತಿಲ್ಲದೆ ಊರಿಗೆಲ್ಲ ಪಾಠ.

ತಾಯಿಬೇರು: ಇಬ್ಬರೂ ಕಾಗದದಲ್ಲೇ ಮುಳುಗಿದ್ದೀರಿ. ಡಿಎನ್‌ಎ ಮಾಡಿಸಿದವರ ವಂಶವೃಕ್ಷ ನೋಡಿ, ಮೆಸೇಜ್ ಹಾಕಿ, ಮುಗಿಯಿತು. ಒಂದು ನೆನಪಿಡಿ, ಮೈಟೊಕಾಂಡ್ರಿಯಾದ ಡಿಎನ್‌ಎ (ತಾಯಿಯಿಂದ ಬರುವುದು) ಹೊಂದಬೇಕಾದರೆ ಸೋದರಿಯ ಮಕ್ಕಳೇ ಬೇಕು, ಸೋದರನ ಮಕ್ಕಳಿಗೆ ಅದು ಇಳಿಯುವುದಿಲ್ಲ.

ಹನ್ನೆರಡೂವರೆ ಪೌಂಡು: ಏಳೂ ಜನಕ್ಕೆ ಸಮಾಧಿ ಇದೆ ಅಂತ ಬರೆದಿದ್ದಾರೆ ಮೇಡಂ. ಗುರುತು ಹಿಡಿಯಬೇಕಾದ ದೇಹ ಇಲ್ಲದಾಗ ಡಿಎನ್‌ಎ ಯಾರಿಗೆ, ಫಲಕಕ್ಕೋ? ಆನ್‌ಲೈನ್ ವೃಕ್ಷಗಳಲ್ಲಿ ಒಂದೇ ಹೆಸರಿನ ಇಬ್ಬರನ್ನು ಹೊಲಿದು ಒಬ್ಬನಾಗಿಸಿರುತ್ತಾರೆ. 1943ರಲ್ಲಿ ಸತ್ತವನಿಗೆ 1950ರಲ್ಲಿ ಮಗು!

ಕಡತಹುಳು: ಅದಕ್ಕೂ ಮೊದಲು ವಿಮಾನ ಯಾವುದು ಅಂತ ಖಾತ್ರಿ ಮಾಡಿ. ನೆದರ್‌ಲ್ಯಾಂಡ್ಸ್‌ನ ಮಾರ್ಕರ್‌ಮೀರ್ ಸರೋವರದಿಂದ 2020ರಲ್ಲಿ ಎತ್ತಿದ ಸ್ಟರ್ಲಿಂಗ್ ಬಾಂಬರ್ ಅನ್ನು ಮೊದಲು ಬಿಕೆ710 ಅಂದುಕೊಂಡಿದ್ದರು, ಅದು ಬಿಕೆ716 ಆಗಿತ್ತು. ವಿಮಾನದ ಸಂಖ್ಯೆಯ ಕೊನೆಯ ಅಂಕಿ ತಪ್ಪಿದರೆ ಏಳು ಬೇರೆ ಕುಟುಂಬಗಳಿಗೆ ಪತ್ರ ಹೋಗುತ್ತದೆ. ಲಂಡನ್ನಿನ ಕ್ಯೂನಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದ ಏರ್ 27ರಲ್ಲಿ ಸ್ಕ್ವಾಡ್ರನ್ ದಿನಚರಿ, ಏರ್ 81ರಲ್ಲಿ ಸಾವುನೋವಿನ ಕಡತ. ಎರಡನೆಯದನ್ನು ಕಂತಿನಲ್ಲಿ ತೆರೆಯುತ್ತಾ ಬಂದಿದ್ದಾರೆ, ನಿಮ್ಮ ದಿನಾಂಕ ಇದೆಯೇ ನೋಡಿಕೊಳ್ಳಿ. ಹೊಲದಲ್ಲಿ ಚೂರು ಹುಡುಕಲು ಮಾತ್ರ ಇಳಿಯಬೇಡಿ, ಸೈನಿಕ ಅವಶೇಷಗಳ ರಕ್ಷಣೆಯ 1986ರ ಕಾಯ್ದೆ ಪ್ರಕಾರ ಪರವಾನಗಿ ಬೇಕು.

ಹೊಲದಂಚು: ಬೆಂಗಳೂರಿನ ಗನ್ನರ್ ಬಗ್ಗೆ ಯಾರಾದರೂ...?

ದಂಡುಪ್ರದೇಶ: ಆ ಸಾಲು ನೋಡಿ ಹುಟ್ಟೂರು ಅಂದುಕೊಳ್ಳಬೇಡಿ. ಯುದ್ಧಸಮಾಧಿ ಆಯೋಗಕ್ಕೆ ವಿವರ ಕೊಟ್ಟಾಗ ತಂದೆತಾಯಿ ಇದ್ದ ಊರು ಅಷ್ಟೆ. ಅಪ್ಪ ಸೈನ್ಯದವನೋ ರೈಲ್ವೆಯವನೋ ಕೋಲಾರದ ಗಣಿಯವನೋ ಇರಬಹುದು. ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಬೆಂಗಳೂರಿನದ್ದಾದರೆ ಬ್ರಿಟಿಷ್ ಲೈಬ್ರರಿಯ ಎನ್/2, ಮದ್ರಾಸ್ ಸರಣಿ ನೋಡಿ. ಫೈಂಡ್‌ಮೈಪಾಸ್ಟ್ ಜಾಲತಾಣದಲ್ಲೂ ಸಿಗುತ್ತದೆ. ದೀಕ್ಷಾಸ್ನಾನದ ಸಾಲಿನಲ್ಲಿ ಅಪ್ಪನ ಕೆಲಸ ಇರುತ್ತದೆ. ಎಲ್ಲ ಚರ್ಚಿನ ಪ್ರತಿಯೂ ಹೋಗಿಲ್ಲ, ಇಲ್ಲದಿದ್ದರೆ ಆಯಾ ಚರ್ಚಿನ ಮೂಲ ರಿಜಿಸ್ಟರೇ ಗತಿ. 1947ರ ನಂತರ ಆಂಗ್ಲೋ-ಇಂಡಿಯನ್ನರು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಚದುರಿದರು. ಬದುಕಿರುವವರನ್ನು ಅಲ್ಲೇ ಹುಡುಕಬೇಕು.

ತಾಯಿಬೇರು: ಹೆಸರು ಸಿಕ್ಕಮೇಲೆ ಫೇಸ್‌ಬುಕ್ ಸಾಕು.

ದಂಡುಪ್ರದೇಶ: ಬೇಡವೇ ಬೇಡ. ಅಪರಿಚಿತರ ಮೆಸೇಜ್ ಬೇರೆ ಡಬ್ಬಿಗೆ ಬಿದ್ದು ಕೊಳೆಯುತ್ತದೆ, ಕಣ್ಣಿಗೆ ಬಿದ್ದರೂ ವಂಚಕ ಅಂದುಕೊಳ್ಳುತ್ತಾರೆ. ಅಂಚೆಯಲ್ಲಿ ಒಂದು ಪುಟದ ಪತ್ರ ಹಾಕಿ: ಯೋಧನ ಹೆಸರು, ಸೇವಾ ಸಂಖ್ಯೆ, ದಿನಾಂಕ, ಚರ್ಚಿನ ವಿಳಾಸ. ದೇಹ ಸಿಕ್ಕ ಸ್ಥಿತಿ ಬರೆಯಬೇಡಿ, ಅವರಾಗಿ ಕೇಳಿದರೆ ಮಾತ್ರ. ಬದುಕಿರುವವರ ಹೆಸರನ್ನು ಇಲ್ಲೂ ಹಾಕಬೇಡಿ.

ತಾಯಿಬೇರು: ಅಂಚೆಯಂತೆ. 1943ರಲ್ಲೇ ಇರಿ.

ಕಡತಹುಳು: ಎ705 ನೋಡಿದಿರಾ ಇಲ್ಲವಾ, ಅದನ್ನು ಮೊದಲು ಹೇಳಿ.